ದೊರೆಯ ಗಟ್ಟಿ ತಲೆ

"ಬುದ್ಧಿ, ಸರಿಯಾಗಿರೋದನ್ನ ಸರಿಯಾಗೇ ಹೇಳಿದ್ರೂ ಜನ ಯಾಕೆ ಕೇಳಲ್ಲ?"

ಮರಿಸ್ವಾಮಿ ಗುರುಗಳನ್ನ ಕೇಳಿದ. ಕೇಳಿದ ಅನ್ನೋದಕ್ಕಿಂತ ಸಿಡುಕಿದ ಅಂದ್ರೆ ಸರಿ. ಮಠದ ಉಗ್ರಾಣ, ಅಡುಗೆ, ಊಟದ ಮನೆ ಎಲ್ಲಾ ಅವನ ಸುಪರ್ದಿಯಲ್ಲಿದ್ವು. ಅವತ್ತು ಬೆಳಗ್ಗೆ ಕಮಿಟಿ ಅಧ್ಯಕ್ಷರು ಬಂದು, ಇನ್ನು ಮೇಲೆ ಎರಡು ಗಂಟೆ ಆಗ್ತಿದ್ದಂಗೆ ಊಟದ ಮನೆಗೆ ಬೀಗ ಬೀಳಬೇಕು ಅಂತ ಹೇಳಿ ಹೋಗಿದ್ರು.

"ಲೇಟಾಗಿ ಬರೋರು ಕ್ವಾರಿಯಲ್ಲಿ ಕಲ್ಲು ಒಡೆಯೋರು ಬುದ್ಧಿ. ಅವರಿಗೆ ಬಿಡುವು ಸಿಗೋದೇ ಮೂರಕ್ಕೆ. ಹೇಳ್ದೆ. ಬಿಡಿಸಿ ಬಿಡಿಸಿ ಹೇಳ್ದೆ. ಆ ಮನುಷ್ಯ ತಲೆ ಆಡಿಸ್ತಾರೆ, ಮೀಸೆ ತೀಡ್ತಾರೆ, 'ಶಿಸ್ತು ಇರಬೇಕು ಮರಿಸ್ವಾಮಿ' ಅಂತಾರೆ. ಹಸಿವಿಗೆಂಥಾ ಶಿಸ್ತು? ಎರಡಾಗ್ತಿದ್ದಂಗೆ ಬೀಗ ಹಾಕೋಕೆ ಅವರ ಡ್ರೈವರನ್ನೇ ಕಳಿಸಿದ್ರು. ಆ ಪುಣ್ಯಾತ್ಮನಿಗೆ ಚಿಲಕ ಯಾವುದು, ಕೊಂಡಿ ಯಾವುದು ಅಂತಾನೂ ಗೊತ್ತಿಲ್ಲ. ಎಳೆದಾಡಿ ಬಾಗಿಲೇ ಮುರೀತಿದ್ದ. ಇತ್ತ ಕೊಡಪ್ಪಾ ಅಂತ ಕಿತ್ಕೊಂಡು ನಾನೇ ಹಾಕಿ ಬಂದೆ. ಇಂಥೋರಿಗೆ ಹೆಂಗೆ ತಿಳಿಸಿ ಹೇಳೋದು?"

ಮಾತು ಮುಗಿಸೋ ಹೊತ್ತಿಗೆ ಅವನ ಮುಖ ಕೆಂಪಗಾಗಿತ್ತು. ಸೊಂಟದಲ್ಲಿ ಬೀಗದ ಕೈ ಗೊಂಚಲು ಗಲಗಲ ಅಂತಿತ್ತು.

ಗುರುಗಳು ಜಗಲಿ ಮೇಲೆ ಕಡಲೆಕಾಯಿ ಬಿಡಿಸ್ತಾ ಕೂತಿದ್ರು. "ಕೂತ್ಕೋ. ಸಿಪ್ಪೆ ಆ ಕಡೆ ಹಾಕು. ಒಂದು ಕತೆ ಕೇಳು," ಅಂದ್ರು. ಹೇಳೋಕೆ ಶುರು ಮಾಡಿದ್ರು.

ಕಡಲಾಚೆ ಇಟಲಿ ಅಂತ ಒಂದು ದೇಶ. ಐನೂರು ವರ್ಷದ ಹಿಂದಿನ ಮಾತು. ಆಗ ಅಲ್ಲಿ ಊರಿಗೊಬ್ಬ ದೊರೆ. ನೆಲ ಅಗೆದಾಗೆಲ್ಲಾ ಯಾವುದೋ ಹಳೇ ಕಾಲದ ಚಕ್ರವರ್ತಿಗಳ ತಲೆ ಸಿಗ್ತಿದ್ವು, ಕಲ್ಲಿನವು, ಕಂಚಿನವು. ಅವನ್ನ ನೋಡಿ ನೋಡಿ ಈ ಪುಟಗೋಸಿ ದೊರೆಗಳಿಗೂ ಖಯಾಲಿ ಹತ್ತಿತು. ನಮ್ಮದೂ ಒಂದು ಕಂಚಿಂದು ಇರಲಿ ಅಂತ. ಎದೆಯಿಂದ ಮೇಲಕ್ಕೆ ಮಾತ್ರ. ಕೈಯಿಲ್ಲ, ಹೊಟ್ಟೆಯಿಲ್ಲ, ಕಾಲಿಲ್ಲ. ಕೆಲಸ ಮಾಡೋ ಅಂಗ ಒಂದೂ ಇಲ್ಲ. ಹಾಗಾಗಿ ಹೋಲಿಕೆ ಚೆನ್ನಾಗಿ ಬರ್ತಿತ್ತು.

ಅಂಥಾ ಒಂದು ಬಂದರಿನ ಊರಲ್ಲಿ ಒಬ್ಬ ಕಂಚುಗಾರ ಇದ್ದ. ಕೆಲಸದಲ್ಲಿ ಗಟ್ಟಿಗ. ಬಾಯಲ್ಲೂ ಗಟ್ಟಿಗ. ಯಾರಾದ್ರೂ ಅವನೆದುರು ಸುತ್ತಿಗೆ ತಪ್ಪಾಗಿ ಹಿಡಿದ್ರೆ ಅವನಿಗೆ ಮೈಯೆಲ್ಲಾ ಕಡಿಯೋದು.

ಆ ಊರ ದಡದಲ್ಲಿ ಒಂದು ಗೋಪುರ. ಅದರಲ್ಲಿ ಒಂದು ಭಾರೀ ಕಂಚಿನ ಗಂಟೆ. ಕಂಚುಗಾರನ ಅಪ್ಪ ಎರಕ ಹೊಯ್ದಿದ್ದು. ಆ ಕಡಲ ಮೇಲೆ ಮಂಜು ಇಳಿದ್ರೆ ಚಾಚಿದ ಕೈ ಕಾಣಲ್ಲ. ದಡದ ಮುಂದೆ ಬಂಡೆಗಳ ಸಾಲು ಬೇರೆ. ಮಂಜು ಬಿತ್ತು ಅಂದ್ರೆ ಗಂಟೆ ಬಾರಿಸೋರು. ದೋಣಿಯವರು ಆ ಸದ್ದನ್ನೇ ಹಿಡಿದು, ಬಂಡೆ ತಪ್ಪಿಸಿ ಮನೆ ಸೇರೋರು. ಕಂಚುಗಾರನ ತಮ್ಮನೂ ಮೀನು ಹಿಡಿಯೋನು. ತಮ್ಮನಿಗೆ ಹೆಣ್ಣು ಕೊಟ್ಟ ಮಾವ, ಹಲ್ಲಿಲ್ಲದ ಒಬ್ಬ ಮುದುಕ, ಅದೇ ದೋಣೀಲಿ ಹುಟ್ಟು ಹಾಕ್ತಿದ್ದ. ಮುದುಕ ಕಂಚುಗಾರನ ಮನೆ ಮುಂದೆ ಹಾದು ಹೋಗುವಾಗೆಲ್ಲಾ, "ನಿಮ್ಮಪ್ಪನ ಗಂಟೆ ನನ್ನ ಹೆಂಡತಿಗಿಂತ ವಾಸಿ ಕಣಯ್ಯ. ಕರೆದ್ರೆ ಮನೆಗೇ ಕರೀತದೆ," ಅನ್ನೋನು.

ಒಂದು ದಿನ ದೊರೆ ಕಂಚುಗಾರನ್ನ ಕರೆಸಿದ.

"ನನ್ನ ತಲೆ ಮಾಡು," ಅಂದ.

ಕಂಚುಗಾರ ಮಾಡೋ ರೀತಿ ವಿವರಿಸಿದ. ಮೊದಲು ಮಣ್ಣಲ್ಲಿ ಒಂದು ತಿರುಳು. ಅದರ ಮೇಲೆ ಬೆರಳು ದಪ್ಪ ಮೇಣ. ಮೇಣದಲ್ಲೇ ಮೂಗು, ಬಾಯಿ, ಗದ್ದ ಎಲ್ಲಾ ತಿದ್ದೋದು. ಅದರ ಮೇಲೆ ಮತ್ತೆ ಮಣ್ಣು ಮೆತ್ತಿ ಸುಡೋದು. ಮೇಣ ಕರಗಿ ಸೋರಿ ಹೋಗುತ್ತೆ. ಮೇಣ ಇದ್ದ ಜಾಗಕ್ಕೆ ಕಂಚು ಹೊಯ್ಯೋದು. ಆಮೇಲೆ ಮೇಲಿನ ಮಣ್ಣು ಒಡೆದು, ಒಳಗಿನ ತಿರುಳು ಕೆರೆದು ತೆಗೆಯೋದು.

"ತೆಗೆದ ಮೇಲೆ ಒಳಗೆ ಏನಿರುತ್ತೆ?"

"ಏನೂ ಇರಲ್ಲ ದೊರೆಗಳೇ."

ಮಂತ್ರಿ ಸೂರು ನೋಡಿದ.

"ಅಂದ್ರೆ ನನ್ನ ತಲೆ ಒಳಗೆ ಏನೂ ಇಲ್ಲ?"

"ಯಾರ ತಲೆ ಮಾಡಿದ್ರೂ ಹಾಗೇ ದೊರೆಗಳೇ. ಗಂಟೆ ಒಳಗೂ ಏನೂ ಇರಲ್ಲ. ಕೊಡದ ಒಳಗೂ ಇರಲ್ಲ."

ಈಗ ಕಂಚುಗಾರನಿಗೆ ಗೊತ್ತಿಲ್ಲದ ಒಂದು ವಿಷಯ ಇತ್ತು. ಪಕ್ಕದೂರಿನ ದೊರೆ ಹೋದ ವರ್ಷವೇ ತಲೆ ಮಾಡಿಸಿಕೊಂಡಿದ್ದ. ಈ ದೊರೆ ಅಲ್ಲಿಗೆ ಹೋಗಿ, ಎಲ್ಲರೆದುರಿಗೆ ಅದರ ಹಣೆ ಮೇಲೆ ಬೆರಳು ಗಂಟಿನಿಂದ ಕುಟ್ಟಿ, ಠಣ್ ಅಂದಿದ್ದಕ್ಕೆ, "ಅಯ್ಯೋ, ಒಳಗೆ ಖಾಲಿ!" ಅಂತ ಹೊಟ್ಟೆ ಹಿಡ್ಕೊಂಡು ನಕ್ಕಿದ್ದ. ಊರಿಗೆ ಬಂದ ಮೇಲೂ ಊಟಕ್ಕೆ ಕೂತಾಗೆಲ್ಲಾ ಅದನ್ನೇ ಹೇಳಿ ನಗ್ತಿದ್ದ. ಇನ್ನು ತನ್ನ ತಲೆಯೂ ಠಣ್ ಅಂದ್ರೆ ಹೆಂಗೆ? ಪಕ್ಕದವನು ಕುಟ್ಟದೆ ಬಿಡ್ತಾನಾ?

"ನನ್ನದು ಗಟ್ಟಿ ಇರಬೇಕು. ಒಳಗೆ ಪೂರ್ತಿ ಕಂಚು," ಅಂದ ದೊರೆ.

"ಬಿರುಕು ಬಿಡುತ್ತೆ ದೊರೆಗಳೇ."

"ಯಾಕೆ ಬಿಡುತ್ತೆ?"

ಕಂಚುಗಾರ ಹೇಳಿದ. ರಾಗಿ ಮುದ್ದೆ ನೋಡಿದೀಯಲ್ಲ ಮರಿಸ್ವಾಮಿ, ಮೇಲೆ ಆರಿದ್ರೂ ಒಳಗೆ ಕೆಂಡ. ಕಂಚೂ ಹಂಗೇ. ತೆಳ್ಳಗಿದ್ರೆ ಎಲ್ಲಾ ಕಡೆ ಒಟ್ಟಿಗೆ ಆರುತ್ತೆ. ದಪ್ಪ ಇದ್ರೆ ಮೇಲಿಂದು ಮೊದಲು ಗಟ್ಟಿಯಾಗುತ್ತೆ, ಒಳಗಿಂದು ಆಮೇಲೆ ಆರ್ತಾ ಆರ್ತಾ ಕುಗ್ಗಿ ಮೇಲಿನದನ್ನ ಒಳಕ್ಕೆ ಎಳೆಯುತ್ತೆ. ಕೆನ್ನೆ ಕುಸಿಯುತ್ತೆ, ಹಣೆ ಸೀಳುತ್ತೆ. ಅವನು ಇದನ್ನ ಕೈ ಆಡಿಸಿ ಹೇಳಿದ, ಚಿತ್ರ ಬರೆದು ಹೇಳಿದ, ಊಟದ ಮೇಜಿನ ಮೇಲಿದ್ದ ರೊಟ್ಟಿ ಮುರಿದು ತೋರಿಸಿ ಹೇಳಿದ.

ದೊರೆ ಎಲ್ಲಾ ಕೇಳಿ, "ಸರಿ, ಸರಿ. ಆದ್ರೆ ಗಟ್ಟಿ ಇರಬೇಕು," ಅಂದ.

ಕಂಚುಗಾರ ಮನೆಗೆ ಬಂದು ತಾನಾಗೇ ನಿಂಬೆಹಣ್ಣಿನ ಗಾತ್ರದ ಎರಡು ತಲೆ ಎರಕ ಹೊಯ್ದ. ಒಂದು ಟೊಳ್ಳು, ಒಂದು ಗಟ್ಟಿ. ಟೊಳ್ಳಿಂದು ಕಣ್ಣಿನ ರೆಪ್ಪೆ ಸಮೇತ ಬಂತು. ಗಟ್ಟಿದು ಕೊಳೆತ ಬದನೆಕಾಯಿ ಥರ ಒಂದು ಕಡೆ ಚಪ್ಪಟೆ. ತಗೊಂಡು ಹೋಗಿ ದೊರೆ ಮುಂದೆ ಇಟ್ಟ. ಇಷ್ಟಾದ್ರೂ ಅರ್ಥ ಆಗದೆ ಇರುತ್ತಾ ಅಂತ.

ದೊರೆ ತಿರುಗಿಸಿ ತಿರುಗಿಸಿ ನೋಡಿದ. "ಇದು ಸಣ್ಣದು. ಅದಕ್ಕೇ ಹೀಗಾಗಿದೆ. ನನ್ನ ತಲೆ ದೊಡ್ಡದಲ್ವಾ?" ಅಂದ.

ಕಂಚುಗಾರ ಮಂತ್ರಿ ಕಡೆ ನೋಡಿದ. ಮಂತ್ರಿ, "ದೊಡ್ಡದೇ," ಅಂದ.

ಆಮೇಲೆ ಕಂಚಿನ ಮಾತು ಬಂತು. ಟೊಳ್ಳು ತಲೆಗಾದ್ರೆ ಉಗ್ರಾಣದಲ್ಲಿದ್ದ ಕಂಚು ಸಾಕಾಗಿತ್ತು. ಗಟ್ಟಿ ತಲೆಗೆ ಸಾಲದು. ಮಂತ್ರಿ ಕಿಟಕಿಯಿಂದ ಹೊರಗೆ ನೋಡ್ತಾ, "ಗೋಪುರದಲ್ಲಿ ಒಂದಿಷ್ಟು ಸುಮ್ಮನೆ ನೇತಾಡ್ತಿದೆಯಲ್ಲ," ಅಂದ.

"ಅದು ಗಂಟೆ ಸ್ವಾಮೀ! ಮಂಜಲ್ಲಿ ದೋಣಿಗಳು ಹೆಂಗೆ ಬರಬೇಕು?"

"ಮಂಜು ದಿನಾ ಬೀಳುತ್ತಾ?" ಅಂತ ಕೇಳಿದ ದೊರೆ. "ಮುಂದಿನ ವರ್ಷ ಹೊಸ ಗಂಟೆ ಮಾಡಿಸೋಣ. ಇದಕ್ಕಿಂತ ದೊಡ್ಡದು."

ಕಂಚುಗಾರ ಮನೆಗೆ ಬಂದು ಪಾತ್ರೆ ಎತ್ತಿ ಕುಕ್ಕಿದ. ಹೆಂಡತಿ ಕೇಳಿದಳು, "ಏನಂತೆ?"

"ಗಟ್ಟಿ ತಲೆ ಬೇಕಂತೆ. ಗಂಟೆ ಕರಗಿಸಬೇಕಂತೆ. ಹೇಳಿ ಹೇಳಿ ನನ್ನ ನಾಲಿಗೆ ಬಿದ್ದು ಹೋಯ್ತು."

"ಆಗಲ್ಲ ಅನ್ನು."

"ಆಗಲ್ಲ ಅಂದ್ಬಿಟ್ರೆ ಅವನ ತಪ್ಪು ಅವನಿಗೆ ಗೊತ್ತಾಗೋದು ಹೆಂಗೆ? ಹೊಯ್ದು ತೋರಿಸ್ತೀನಿ. ಹಣೆ ಸೀಳಿ ಬಾಯಿ ಬಿಟ್ಟಾಗ ನನ್ನ ಮಾತು ನೆನಪಾಗುತ್ತೆ."

"ಅವನಿಗೆ ಗೊತ್ತಾಗೋಕೆ ನಮ್ಮ ಗಂಟೆ ಯಾಕೆ ಹೋಗಬೇಕು?"

"ನಿನಗೆ ಅರ್ಥ ಆಗಲ್ಲ ಬಿಡು," ಅಂದ ಕಂಚುಗಾರ. ಅವಳಿಗೆ ಅರ್ಥ ಆಗಿತ್ತು. ಅದಕ್ಕೇ ಅವಳು ಅವತ್ತು ಅವನಿಗೆ ಊಟಕ್ಕೆ ಬಡಿಸಲಿಲ್ಲ.

ಮಾರನೇ ದಿನ ದೊರೆಯ ಸೈನಿಕರು ಗೋಪುರ ಹತ್ತಿದ್ರು. ಗಂಟೆ ಒಡೆಯೋಕೆ ದೊಣ್ಣೆ, ಸಲಾಕಿ, ಸುತ್ತಿಗೆ, ಕೈಗೆ ಸಿಕ್ಕಿದ್ದೆಲ್ಲಾ ತಂದಿದ್ರು. ಹೊಡೆದ್ರು. ಢಣ್! ಗಂಟೆ ಒಡೆಯುತ್ತಾ? ಗಂಟೆಗೆ ಹೊಡೆಸಿಕೊಳ್ಳೋದೇ ಕಸುಬು. ಹೊಡೆದಷ್ಟೂ ಜೋರಾಗಿ ಕೂಗಿತು. ಬಿಸಿಲು ಸುರೀತಿದ್ದ ಮಧ್ಯಾಹ್ನದಲ್ಲಿ ಕಡಲ ಮೇಲಿದ್ದ ದೋಣಿಗಳೆಲ್ಲಾ ಗಾಬರಿಯಾಗಿ, ಬಲೆ ಎಳ್ಕೊಂಡು ದಡಕ್ಕೆ ಬಂದು ಬಿದ್ವು.

ತಮ್ಮನ ಮಾವ ದೋಣಿಯಿಂದ ಧುಮುಕಿದವನೇ ಕಿರುಚಿದ: "ಯಾವನೋ ಅವನು ಗಂಟೆ ಬಾರಿಸ್ತಿರೋನು? ಎಲ್ಲಿದೆಯೋ ಮಂಜು? ನಿನ್ನ ಕಣ್ಣಲ್ಲಿದೆಯಾ?"

ಮೇಲಿಂದ ಒಬ್ಬ ಸೈನಿಕ, "ನಾವು ಬಾರಿಸ್ತಿಲ್ಲ ತಾತ, ಒಡೀತಿದೀವಿ," ಅಂದ.

"ಒಡೆಯೋ ಮುಖ ನೋಡು!" ಅಂತ ಉಗಿದು, ಮುದುಕ ಮತ್ತೆ ದೋಣಿ ಹತ್ತಿದ. ಜನ ನಕ್ಕರು. ಮತ್ತೆ ಎಲ್ಲಾ ದೋಣಿಗಳೂ ಕಡಲಿಗೆ ಹೋದ್ವು. ಸೈನಿಕರು ಮತ್ತೆ ಹೊಡೆದ್ರು. ಒಂದು ಸುತ್ತಿಗೆಯ ಹಿಡಿ ಮುರೀತು. ಒಬ್ಬನ ಹೆಬ್ಬೆರಳು ಜಜ್ಜಿ ಹೋಯ್ತು. ಸಂಜೆವರೆಗೂ ಗಂಟೆಗೆ ಒಂದು ಗೀರೂ ಬೀಳಲಿಲ್ಲ. ಇನ್ನೊಂದು ದಿನ ಹಾಗೇ ಬಿಟ್ಟಿದ್ರೆ ಅವರೇ ಬೇಸತ್ತು ಇಳಿದು ಹೋಗ್ತಿದ್ರು. ಒಬ್ಬ ಆಗಲೇ, "ಇದು ಆಗೋ ಕೆಲಸ ಅಲ್ಲ, ದೊರೆಗೆ ಹೇಳೋಣ ನಡೀರಿ," ಅಂತಿದ್ದ.

ಕಂಚುಗಾರ ಕೆಳಗೆ ನಿಂತು ಬೆಳಗ್ಗೆಯಿಂದ ನೋಡ್ತಿದ್ದ. ಮೊದಲು ಸಿಟ್ಟು ಬಂತು. ಆಮೇಲೆ ಗಂಟೆ ಒಡೀಲಿಲ್ಲ ಅಂತ ಖುಷಿಯೂ ಆಯ್ತು. ಆದ್ರೆ ಆ ಸೈನಿಕರು ಸುತ್ತಿಗೆ ಹಿಡಿದಿದ್ದ ರೀತಿ ಇದೆಯಲ್ಲ, ಅದನ್ನ ಮಾತ್ರ ಅವನಿಗೆ ನೋಡೋಕಾಗಲಿಲ್ಲ. ತಡೆದ. ತಡೆದ. ಕೊನೆಗೆ ಮೆಟ್ಟಿಲು ಹತ್ತಿ ಹೋಗಿ ಬೈದ:

"ಥೂ, ನಿಮ್ಮ ಕೈ ಸೇದಿ ಹೋಗ! ಹಂಗಲ್ಲ ಕಣ್ರಯ್ಯಾ. ನೇತಾಡ್ತಿರೋದನ್ನ ಯಾವನಾದ್ರೂ ಒಡೀತಾನಾ? ಮೊದಲು ಹಗ್ಗ ಕಟ್ಟಿ ಕೆಳಗಿಳಿಸಿ. ಮಗುಚಿ ಹಾಕಿ. ಸುತ್ತ ಸೌದೆ ಒಟ್ಟಿ ಕೆಂಪಗಾಗೋವರೆಗೂ ಕಾಯಿಸಿ. ಕಂಚು ತಣ್ಣಗಿದ್ರೆ ಹಾಡುತ್ತೆ, ಕೆಂಪಗಾದ್ರೆ ಹಪ್ಪಳ. ಕೊಡಿ ಇಲ್ಲಿ!"

ಸುತ್ತಿಗೆ ಕಿತ್ಕೊಂಡ. ಇಳಿಸಿದ. ಕಾಯಿಸಿದ. ಎಲ್ಲಿ ಹೊಡೆಯಬೇಕೋ ಅಲ್ಲಿ ಹೊಡೆದ. ಅವನ ಅಪ್ಪನ ಗಂಟೆ ಸದ್ದಿಲ್ಲದೆ ಚೂರು ಚೂರಾಯ್ತು. ಸೈನಿಕರು, "ಅಬ್ಬಾ, ಕೆಲಸ ಅಂದ್ರೆ ಇದು!" ಅಂದ್ರು. ಅವನು ಬೆವರು ಒರೆಸಿಕೊಂಡು, "ಈಗಾದ್ರೂ ಕಲೀರಿ," ಅಂದ.

ಎರಕ ಹೊಯ್ಯೋದೂ ಅಷ್ಟೇ. ಕೆಡಲಿ ಅಂತ ಅವನು ಕೆಲಸ ಕೆಡಿಸಲಿಲ್ಲ. ಕುಲುಮೆ ಸರಿಯಾಗಿ ಕಟ್ಟಿದ. ಮೇಣದಲ್ಲಿ ದೊರೆಯ ಮುಖವನ್ನ, ಗದ್ದದ ಮೇಲಿನ ನರೂಲಿ ಸಮೇತ, ತಿದ್ದಿ ತಿದ್ದಿ ಮಾಡಿದ. ಕಂಚು ಒಂದೇ ಧಾರೆಯಲ್ಲಿ ಹೊಯ್ದ. ತಪ್ಪು ತನ್ನದು ಅಂತ ಯಾರೂ ಬೆರಳು ತೋರಿಸಬಾರದು ನೋಡು. ಆಮೇಲೆ ಅಚ್ಚು ಆರೋವರೆಗೂ ಕಾದ. ಕಾಯುವಾಗ ದೊರೆಗೆ ಹೇಳಬೇಕಾದ ಮಾತನ್ನ ಮನಸಲ್ಲೇ ಒಪ್ಪ ಮಾಡ್ತಿದ್ದ. 'ನಾನು ಮೊದಲೇ ಹೇಳಿದ್ನಲ್ಲ ದೊರೆಗಳೇ.' ಕೈ ಕಟ್ಕೊಂಡು ಹೇಳಬೇಕಾ, ಕೈ ಬಿಟ್ಕೊಂಡು ಹೇಳಬೇಕಾ ಅಂತಾನೂ ಯೋಚನೆ ಮಾಡಿದ್ದ.

ಅಚ್ಚು ಒಡೆಯೋ ದಿನ ಆಸ್ಥಾನವೆಲ್ಲಾ ಸೇರಿತು. ಮೇಲಿನ ಮಣ್ಣು ಬಿತ್ತು. ಅವನು ಹೇಳಿದ್ದು ಒಂದೂ ಸುಳ್ಳಾಗಿರಲಿಲ್ಲ. ಎರಡೂ ಕೆನ್ನೆ ಒಳಕ್ಕೆ ಕುಸಿದಿದ್ವು. ಹಣೆ ಮೇಲೆ ನೆತ್ತಿಯಿಂದ ಹುಬ್ಬಿನವರೆಗೂ ಬಿರುಕು. ಕಂಚುಗಾರ ಕೈ ಕಟ್ಕೊಂಡ. ಗಂಟಲು ಸರಿ ಮಾಡ್ಕೊಂಡ.

ದೊರೆ ಅದರ ಸುತ್ತ ಒಂದು ಸಲ ಬಂದ. ಬಗ್ಗಿ ನೋಡಿದ. ದೂರ ನಿಂತು ನೋಡಿದ.

"ಸ್ವಲ್ಪ ತೆಳ್ಳಗೆ ಕಾಣ್ತೀನಲ್ವಾ?" ಅಂದ.

"ತೆಳ್ಳಗೇ," ಅಂದ ಮಂತ್ರಿ.

"ಹಣೆ ಮೇಲೆ ಇದು?"

ಮಂತ್ರಿ ಒಂದು ಗಳಿಗೆ ಯೋಚಿಸಿ, "ಯುದ್ಧದ ಗಾಯ," ಅಂದ. ಆ ದೊರೆ ಯುದ್ಧವಿರಲಿ, ಕುದುರೆ ಹತ್ತಿದ್ದನ್ನೂ ಯಾರೂ ನೋಡಿರಲಿಲ್ಲ. ಅವನ ಮುಖ ಅರಳಿತು. ಬೆರಳು ಗಂಟಿನಿಂದ ತನ್ನ ಕಂಚಿನ ಹಣೆ ಕುಟ್ಟಿದ. ದಬ್.

"ಕೇಳಿದ್ರಾ? ಗಟ್ಟಿ!" ಅಂದ. ಕಂಚುಗಾರನ ಹೆಗಲ ಮೇಲೆ ಕೈಯಿಟ್ಟು, "ಸುಮ್ಮನೆ ಹೆದರ್ತಿದ್ದೆ ನೀನು," ಅಂದ.

ಕಂಚುಗಾರ ಆ ಒಪ್ಪ ಮಾಡಿಟ್ಟ ಮಾತನ್ನ ಹೇಳದೇ ಹೊರಟ. ಮನೆಗೆ ಬಂದು, ಸಿಕ್ಕಸಿಕ್ಕವರ ಮುಂದೆ ಕಾರಿದ. "ಬಿರುಕು ಬಿಟ್ಟಿದೆ ಕಣ್ರೋ! ಕೆನ್ನೆ ಕುಸಿದಿದೆ! ನಾನು ಹೇಳಿದಂಗೇ ಆಗಿದೆ!" ಕೇಳಿದವರೆಲ್ಲಾ, "ಹೌದಪ್ಪಾ, ನೀನು ಹೇಳಿದಂಗೇ ಆಗಿದೆ," ಅಂದ್ರು. ಅದರಿಂದ ಅವನಿಗೆ ಸಮಾಧಾನ ಆಗಲಿಲ್ಲ.

ತಲೆಯನ್ನ ದಡದ ಚೌಕದಲ್ಲಿ ನಿಲ್ಲಿಸಿದ್ರು. ಅದರ ಹಿಂದೆ ಖಾಲಿ ಗೋಪುರ.

ಆಮೇಲೆ ಒಂದು ಮಧ್ಯಾಹ್ನ ಮಂಜು ಬಂತು. ಹೇಳದೆ ಕೇಳದೆ ಬಂತು, ಯಾವಾಗಲೂ ಬರೋ ಹಂಗೆ. ದೋಣಿಗಳೆಲ್ಲಾ ಕಡಲ ಮೇಲಿದ್ವು. ಕಂಚುಗಾರ ಅಭ್ಯಾಸ ಬಲದಿಂದ ಗೋಪುರಕ್ಕೆ ಓಡಿದ. ಹಗ್ಗಕ್ಕೆ ಕೈ ಹಾಕಿದ. ಹಗ್ಗ ಇರಲಿಲ್ಲ. ಮೇಲೆ ಬರೀ ಕೊಕ್ಕೆ. ಇಳಿದು ಚೌಕಕ್ಕೆ ಓಡಿದ. ಊರಲ್ಲಿದ್ದ ಕಂಚೆಲ್ಲಾ ಆ ತಲೆಯಲ್ಲೇ ಇತ್ತು. ಸುತ್ತಿಗೆ ಎತ್ತಿ ಹಣೆಗೇ ಹೊಡೆದ. ದಬ್. ಕೆನ್ನೆಗೆ ಹೊಡೆದ. ದಬ್. ಶಕ್ತಿಯೆಲ್ಲಾ ಬಿಟ್ಟು ಹೊಡೆದ. ಆ ಸದ್ದು ಚೌಕ ದಾಟಿ ಆಚೆ ಬೀದಿಗೂ ಹೋಗಲಿಲ್ಲ, ಕಡಲ ಮಾತು ಎಲ್ಲಿ ಬಂತು?

ಅಷ್ಟು ಹೊತ್ತಿಗೆ ಅವನ ಹೆಂಡತಿ ಸಾರಿನ ಪಾತ್ರೆ ಬರಿದು ಮಾಡಿ, ಸೌಟು ಹಿಡಿದು ದಡಕ್ಕೆ ಬಂದಿದ್ದಳು. ಬಡಿಯೋಕೆ ಶುರು ಮಾಡಿದಳು. ಅವಳನ್ನ ನೋಡಿ ಊರ ಹೆಂಗಸರೆಲ್ಲಾ ಬಂದ್ರು. ಕೊಡ, ಬಾಣಲೆ, ಮುಚ್ಚಳ, ಏನು ಸಿಕ್ಕಿತೋ ಅದು. ದಡದ ಉದ್ದಕ್ಕೂ ಠಣ ಠಣ ಠಣ. ಅದು ದೋಣಿಯವರಿಗೆ ಕೇಳಿಸಿದ್ದೇನೋ ಹೌದು. ಆದ್ರೆ ಒಂದು ಗಂಟೆ ಒಂದು ಕಡೆಯಿಂದ ಕರೆಯೋದೇ ಬೇರೆ, ನೂರು ಪಾತ್ರೆ ನೂರು ಕಡೆಯಿಂದ ಕರೆಯೋದೇ ಬೇರೆ. ಬಹಳ ದೋಣಿಗಳು ತಡಕಾಡಿ ತಡಕಾಡಿ ಬಂದ್ವು. ಕೆಲವು ಬಂಡೆ ತರಚಿಕೊಂಡು ಬಂದ್ವು.

ಕಂಚುಗಾರನ ತಮ್ಮ ದೋಣಿಯಲ್ಲಿ ಬರಲಿಲ್ಲ. ಈಜಿಕೊಂಡು ಬಂದ. ಕೈಯಲ್ಲಿ ಒಂದು ಹುಟ್ಟು ಇತ್ತು. ಹುಟ್ಟು ಹಾಕ್ತಿದ್ದ ಮುದುಕ ಇರಲಿಲ್ಲ.

ತಮ್ಮ ಮರಳ ಮೇಲೆ ಕೂತ. ಆಮೇಲೆ ಅಣ್ಣನ ಕಡೆ ತಿರುಗಿದ.

"ಗಂಟೆ ಒಡೆದಿದ್ದು ಯಾರು?"

ಕಂಚುಗಾರ ಹೇಳೋಕೆ ಶುರು ಮಾಡಿದ. ದೊರೆಗೆ ತಾನು ಮೊದಲೇ ಹೇಳಿದ್ದೆ ಅಂದ. ಚಿತ್ರ ಬರೆದು ತೋರಿಸಿದ್ದೆ ಅಂದ. ಗಟ್ಟಿ ಕಂಚು ಆರುವಾಗ ಹೆಂಗೆ ಕುಗ್ಗುತ್ತೆ, ತೆಳ್ಳಗಿದ್ರೆ ಯಾಕೆ ಕುಗ್ಗಲ್ಲ, ನಿಂಬೆಹಣ್ಣಿನ ಗಾತ್ರದ ತಲೆ ಏನಾಯ್ತು, ಮಂತ್ರಿ ಎಂಥಾ ಕಳ್ಳ, ಎಲ್ಲಾ ಹೇಳಿದ. ಅವನು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ತಮ್ಮ ಅರ್ಧಕ್ಕೇ ಎದ್ದು, ಆ ಹುಟ್ಟು ತಗೊಂಡು, ಮುದುಕನ ಮಗಳಿಗೆ ವಿಷಯ ತಿಳಿಸೋಕೆ ಮನೆ ಕಡೆ ಹೋದ. ಕಂಚುಗಾರ ಇನ್ನೂ ಹೇಳ್ತಾನೇ ಇದ್ದ.

ಗುರುಗಳು ಕತೆ ಅಲ್ಲಿಗೆ ನಿಲ್ಲಿಸಿದ್ರು. ಮಡಿಲಲ್ಲಿದ್ದ ಸಿಪ್ಪೆ ಕೊಡವಿದ್ರು.

ಮರಿಸ್ವಾಮಿ ತೊಡೆ ತಟ್ಟಿಕೊಂಡ. "ಥೂ, ಎಂಥಾ ದೊರೆ ಬುದ್ಧಿ! ನಮ್ಮ ಅಧ್ಯಕ್ಷರ ತದ್ರೂಪು! ಪಾಪ, ಆ ಕಂಚುಗಾರ ತಾನೇ ಏನು ಮಾಡೋಕಾಗ್ತಿತ್ತು? ಎಲ್ಲಾ ಸರಿಯಾಗೇ ಹೇಳಿದ್ದ."

ಹೊತ್ತು ಮೂರಾಗಿತ್ತು. ಊಟದ ಮನೆ ಕಡೆಯಿಂದ ನಾಕಾರು ಜನರ ಹೆಜ್ಜೆ ಸಪ್ಪಳ ಬಂತು. ಯಾರೋ ಬಾಗಿಲು ತಳ್ಳಿದ್ರು. ಬೀಗ ಕೊಂಡಿಗೆ ಬಡಿದು ಟಕ್ ಅಂತು. ಮತ್ತೊಂದು ಸಲ ಟಕ್ ಅಂತು.

"ಏನೋ ಇವತ್ತು ಮುಚ್ಚಿದೆ, ನಡೀರಿ," ಅಂದ ಒಬ್ಬ.

ಗುರುಗಳು ಒಂದು ಕಡಲೆಕಾಯಿ ಬಿಡಿಸಿ, ಬೀಜ ಮರಿಸ್ವಾಮಿ ಅಂಗೈಗೆ ಹಾಕಿ ಕೇಳಿದ್ರು: "ಆ ಬೀಗ ಹಾಕಿದ್ದು ಯಾರು ಅಂದೆ?"